ನುಬ್ರಾದ ಹಸಿರಿಗೆ ಗೆರೆ ಎಳೆದದ್ದು

ಲಡಾಖಿನ ನುಬ್ರಾ ಕಣಿವೆಯ ಭೂಬಳಕೆ ನಕ್ಷೆ ಮಾಡಲು ಕುಳಿತಾಗ ಸೆಂಟಿನೆಲ್-2 ಉಪಗ್ರಹದ ಜುಲೈ ತಿಂಗಳ ಚಿತ್ರದಲ್ಲಿ ಹಸಿರಾಗಿ ಕಂಡದ್ದನ್ನೆಲ್ಲ ಹೊಲವೆಂದು ಬರೆದುಕೊಂಡೆ. ಶ್ಯೋಕ್ ನದಿಯ ಬದಿಯಲ್ಲೇ ದಟ್ಟ ಹಸಿರು ಪಟ್ಟಿಗಳಿದ್ದವು. ನೀರಿದ್ದಲ್ಲಿ ಬೇಸಾಯ ತಾನೇ?

ಎತ್ತರದ ಘಟ್ಟದಾರಿ ಖರ್ದುಂಗ್ ಲಾ ದಾಟಿ ಇಳಿದು, ಹುಂಡರ್ ಬಳಿ ಆ ಪಟ್ಟಿಯೊಳಗೆ ಕಾಲಿಟ್ಟೆ. ಅಂಗಿಯ ತೋಳು ಮುಳ್ಳಿಗೆ ಸಿಕ್ಕಿಕೊಂಡಿತು. ಅದು ಹೊಲವಲ್ಲ, ಸೀಬಕ್‌ಥಾರ್ನ್ ಪೊದೆ: ಬೂದುಹಸಿರಿನ ಸಣ್ಣ ಎಲೆ, ಕೊಂಬೆಗೆ ಅಂಟಿಕೊಂಡ ಕಿತ್ತಳೆ ಬಣ್ಣದ ಹುಳಿ ಹಣ್ಣು. ಅದರಾಚೆ ಮರಳಿನ ದಿಬ್ಬಗಳು.

ಹೊಲಗಳೆಲ್ಲಿ? ಡಿಸ್ಕಿಟ್, ಹುಂಡರ್, ಸುಮೂರ್ ಎಲ್ಲವೂ ಪಕ್ಕದ ಬೆಟ್ಟಗಳ ತೊರೆಗಳು ಕಣಿವೆಗೆ ಇಳಿಯುವಲ್ಲಿ ಹರವಿದ ಮೆಕ್ಕಲಿನ ಬೀಸಣಿಗೆಗಳನ್ನು ಆಶ್ರಯಿಸಿದ ಊರುಗಳು. ದೊಡ್ಡ ನದಿ ಹೊಲಗಳಿಗಿಂತ ತಗ್ಗಿನಲ್ಲಿದೆ. ಕವಲು ಬದಲಿಸುತ್ತದೆ, ಬೇಸಿಗೆಯಲ್ಲಿ ಹಿಮನದಿಗಳ ನೀರು ಬಂದಾಗ ದಡವನ್ನೇ ತಿನ್ನುತ್ತದೆ. ತೊರೆಯ ನೀರಾದರೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ಅದನ್ನು ತರುವ ಕಾಲುವೆಗೆ ಅಲ್ಲಿ 'ಯುರಾ' ಎನ್ನುತ್ತಾರೆ, ಸರದಿ ನೋಡಿಕೊಳ್ಳುವವರು 'ಚುರ್ಪೋನ್'. ಮಳೆ ಇಲ್ಲವೆನ್ನುವಷ್ಟು ಕಡಿಮೆ ಬೀಳುವ ನೆಲದಲ್ಲಿ ಈ ಸರದಿಯೇ ಬದುಕು.

ಒಂದು ಯುರಾದ ಏರಿಯ ಮೇಲೆ ನಿಂತೆ. ಎಡಗಾಲಿನ ಕಡೆ ಒಣ ಕಲ್ಲುಗಳು, ಬಲಗಾಲಿನ ಕಡೆ ಬಾರ್ಲಿ. ನಡುವೆ ಒಂದು ಹೆಜ್ಜೆಯಷ್ಟೂ ಅಂತರವಿಲ್ಲ. ಚಿತ್ರದ ಒಂದು ಚುಕ್ಕಿಯೇ ಹತ್ತು ಮೀಟರ್ ಅಗಲ. ಈ ಗೆರೆ ಅದಕ್ಕೆ ಸಿಗುವುದು ಹೇಗೆ? ಜಿಪಿಎಸ್ ಹಿಡಿದು ಕಾಲುವೆಗಳ ಉದ್ದಕ್ಕೂ ನಡೆದೆ, ಹೊಲಗಳ ಮೇಲಂಚನ್ನು ಆ ಜಾಡಿನಿಂದಲೇ ಎಳೆದೆ.

ಪೊದೆಯನ್ನು ಬೇರ್ಪಡಿಸಲು ಸೆಪ್ಟೆಂಬರ್ ಕೊನೆಯ ಚಿತ್ರ ನೆರವಾಯಿತು. ಅಷ್ಟರಲ್ಲಿ ಬಾರ್ಲಿಯ ಕೊಯ್ಲು ಮುಗಿದಿರುತ್ತದೆ, ಪೊದೆ ಹಸಿರಾಗಿಯೇ ಇರುತ್ತದೆ. ಲೂಸರ್ನ್ ಮೇವಿನ ತಾಕುಗಳು, ತುರ್ತುಕ್ ಕಡೆ ಬಾರ್ಲಿಯ ಬೆನ್ನಿಗೆ ಬಿತ್ತುವ ಬಕ್‌ವೀಟ್ ಧಾನ್ಯ ಆಗಲೂ ಹಸಿರಾಗಿದ್ದು ಈ ಲೆಕ್ಕವನ್ನು ಕೆಡಿಸಿದವು. ಅವನ್ನು ಕಣ್ಣಾರೆ ನೋಡಿಯೇ ಗುರುತಿಸಬೇಕಾಯಿತು.

ಪೊದೆಗೆ ನನ್ನ ವರ್ಗಪಟ್ಟಿಯಲ್ಲಿದ್ದ ಹೆಸರು 'ಪಾಳುಭೂಮಿ'. ಆದರೆ ಹಿಂದಿರುಗುವ ದಿನ ಹಿರಿಯ ಹೆಂಗಸೊಬ್ಬರು ಅದರ ಒಣ ಮುಳ್ಳುಕೊಂಬೆಗಳ ಹೊರೆ ತಂದು, ದನ ನುಗ್ಗದಂತೆ ಹೊಲದ ಕಲ್ಲುಗೋಡೆಯ ಮೇಲೆ ಒಂದೊಂದಾಗಿ ಹೇರುತ್ತಿದ್ದರು. ಆ ಹೆಸರನ್ನು ಅಳಿಸಿ 'ಬಳಕೆಯ ಪೊದೆಗಾಡು' ಎಂದು ಬರೆದೆ.