ಭಾರ ಹೊರುವ ಹಳೆಯ ಜೀಪಿನ ಹಿಂಬದಿ ಸಜ್ಜುಗೊಳಿಸುವ ಬಗೆ: ಕಳ್ಳಭಟ್ಟಿ ಸಾಗಿಸಿದ ಫೋರ್ಡ್ ಕಾರುಗಳು ಕಲಿಸುವ ಕೆಲಸ

ಅಮೆರಿಕದ ಅಪಲಾಚಿಯನ್ ಬೆಟ್ಟಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದವರ ಕಾರುಗಳ ವಿಷಯ ಬಂದರೆ ಬಹಳಷ್ಟು ಮಂದಿ ಎಂಜಿನ್ನಿನ ಬಗ್ಗೆಯೇ ಮಾತನಾಡುತ್ತಾರೆ. ನನ್ನ ಮಟ್ಟಿಗೆ ಆ ಕಾರುಗಳಲ್ಲಿ ನಿಂತು ನೋಡಬೇಕಾದ ಕೈಚಳಕವಿದ್ದದ್ದು ಹಿಂಬದಿಯ ಸ್ಪ್ರಿಂಗ್‌ನಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಮಹೀಂದ್ರ ಜೀಪಿನಲ್ಲಿ ಅಡಿಕೆ ಮೂಟೆಯನ್ನೋ ಗೊಬ್ಬರವನ್ನೋ ಹೇರಿಕೊಂಡು ತೋಟದ ದಾರಿಯಲ್ಲೂ ಘಾಟಿಯಲ್ಲೂ ಓಡಾಡುವವರಿಗೆ ಅದರಿಂದ ಇಂದಿಗೂ ಪ್ರಯೋಜನವಿದೆ.

ಅಲ್ಲಿ 1920ರಿಂದ 1933ರ ಡಿಸೆಂಬರ್‌ವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಅದು ರದ್ದಾದ ಮೇಲೂ ತೆರಿಗೆ ಕಟ್ಟದ ಸಾರಾಯಿ ಅಗ್ಗವಾಗಿ ಸಿಗುತ್ತಿದ್ದುದರಿಂದ ಸಾಗಣೆ ನಿಲ್ಲಲಿಲ್ಲ, ಮತ್ತು ಆ ಕೆಲಸಕ್ಕೆ ಎರಡು ಬಾಗಿಲಿನ 1940ರ ಫೋರ್ಡ್ ಕೂಪೆ ಎಲ್ಲರ ಮೆಚ್ಚಿನ ಕಾರಾಯಿತು. ನೋಡಲು ಸಾಧಾರಣವಾಗಿದ್ದ ಅದರಲ್ಲಿ 85 ಅಶ್ವಶಕ್ತಿಯ ವಿ8 ಎಂಜಿನ್ ಇತ್ತು, ಹಿಂದೆ ದೊಡ್ಡ ಡಿಕ್ಕಿ ಇತ್ತು, ಹಿಂದಿನ ವರ್ಷವಷ್ಟೇ ಫೋರ್ಡ್ ಕಾರುಗಳಿಗೆ ಬಂದಿದ್ದ ಹೈಡ್ರಾಲಿಕ್ ಬ್ರೇಕ್ ಕೂಡ ಇತ್ತು. 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್ ಸಾರಾಯಿ ಹೇರಿದರೆ ದ್ರವದ ತೂಕವೇ 350 ಕಿಲೋ ಆಗುತ್ತಿತ್ತು. ಗಾಜಿನ ಜಾಡಿಗಳ ತೂಕ ಬೇರೆ. ಹಿಂಬದಿ ಕುಸಿದ ಕಾರನ್ನು ಕಂಡರೆ ಅಬಕಾರಿಯವರಿಗೆ ಒಳಗೇನಿದೆಯೆಂದು ಗೊತ್ತಾಗುತ್ತಿತ್ತು, ಕುಸಿದ ಕಾರು ತಿರುವಿನಲ್ಲಿ ಮಾತು ಕೇಳುತ್ತಲೂ ಇರಲಿಲ್ಲ. ಆದ್ದರಿಂದ ಅವರು ಹಿಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಕೂರುವ ಲೀಫ್ ಸ್ಪ್ರಿಂಗ್‌ಗೆ (ಬಾಗಿದ ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಇನ್ನಷ್ಟು ಪ್ಲೇಟ್ ಸೇರಿಸಿ, ಭಾರ ಬಿದ್ದಾಗ ಕಾರು ಸಮಮಟ್ಟಕ್ಕೆ ಬರುವಂತೆ ಮಾಡಿಕೊಂಡರು. 1949ರ ಜೂನ್ 19ರಂದು ಶಾರ್ಲೆಟ್‌ನಲ್ಲಿ ನಡೆದ ನಾಸ್ಕಾರ್ ಎಂಬ ಕಾರು ಪಂದ್ಯ ಸಂಸ್ಥೆಯ ಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ (ಕಂಪನಿಯಿಂದ ಬಂದಂತೆಯೇ ಇರುವ ಕಾರುಗಳ) ಸ್ಪರ್ಧೆಯಲ್ಲಿ 1947ರ ಫೋರ್ಡ್ ಓಡಿಸಿ ಮೊದಲು ಗುರಿ ಮುಟ್ಟಿದ ಗ್ಲೆನ್ ಡನವೇ, ಹಿಂದಿನ ಸ್ಪ್ರಿಂಗ್ ಈ ಬಗೆಯಲ್ಲಿ ಬದಲಾಗಿದ್ದುದು ಪರಿಶೀಲನೆಯಲ್ಲಿ ಬಯಲಾಗಿ ಅನರ್ಹನಾದ. ಗೆಲುವು ಲಿಂಕನ್ ಓಡಿಸಿದ ಜಿಮ್ ರೋಪರ್‌ಗೆ ಹೋಯಿತು. ಎಂಜಿನ್ನಿಗೆ ಕೈಹಚ್ಚದೆ ಬರೀ ಸ್ಪ್ರಿಂಗ್ ಬದಲಿಸಿದರೂ ವಾಹನದ ನಡತೆ ಎಷ್ಟು ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ನಮ್ಮ ಕೆಲಸಕ್ಕೆ ಬರುವ ಮೊದಲು ಕಾನೂನಿನ ಮಾತು ಹೇಳಬೇಕು. ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾಗಿರುವ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಆದ್ದರಿಂದ ಕಂಪನಿ ಕೊಟ್ಟಷ್ಟು ಪ್ಲೇಟ್‌ಗಳನ್ನು ಮೊದಲಿನ ಬಾಗಿಗೆ ತರುವುದೇ ನಿಮ್ಮ ಗುರಿಯಾಗಿರಲಿ. ಹೆಚ್ಚುವರಿ ಪ್ಲೇಟ್ ಹಾಕಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಹಾಕಿಸಿ. 50 ವರ್ಷ ದಾಟಿದ ಜೀಪನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಅದನ್ನು ಮೂಲರೂಪದಲ್ಲೇ ಉಳಿಸಬೇಕು, ದಿನನಿತ್ಯದ ದುಡಿಮೆಗೆ ಹೂಡುವಂತೆಯೂ ಇಲ್ಲ.

ಮೊದಲು ಅಳತೆ ತೆಗೆಯಿರಿ. ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗದಲ್ಲಿ ಖಾಲಿ ಜೀಪನ್ನು ನಿಲ್ಲಿಸಿ, ಹಿಂದಿನ ಗಾಲಿಯ ನಡುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಕಡೆ ಬರೆದುಕೊಳ್ಳಿ. ನಂತರ ತೂಕ ಹಾಕಿದ ಮೂಟೆಗಳನ್ನು ಎರಡೆರಡಾಗಿ ಏರಿಸುತ್ತ ಪ್ರತಿ ಸಲವೂ ಅಳೆಯಿರಿ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿಯನ್ನು ಮಾತ್ರ ದಾಟಬೇಡಿ. ಮಿತಿಯೊಳಗಿನ ಭಾರಕ್ಕೇ ಅಚ್ಚು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರಿಗೆ ತಾಗುತ್ತಿದ್ದರೆ ಅಥವಾ ಒಂದು ಬದಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕುಸಿದರೆ, ಪ್ಲೇಟ್‌ಗಳು ಸೋತಿವೆ ಎಂದೇ ಅರ್ಥ.

ಬಿಚ್ಚುವಾಗ ಎಚ್ಚರಿಕೆ ಬೇಕಾದ ಸಂಗತಿಯೊಂದಿದೆ. ಹಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಯ ಬದಲು ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿ ನೆಲ ಬಿಟ್ಟ ಕೂಡಲೇ ಎರಡು ಗಾಲಿಗಳು ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಆ ಗಾಲಿ ತಿರುಗುವುದರಿಂದ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಜೀಪು ಉರುಳಬಲ್ಲದು. ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಗಟ್ಟಿಯಾದ ಅಡ್ಡೆ ಕೊಡಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕಿನ ಮೇಲೆ ನಿಂತ ಜೀಪಿನ ಕೆಳಗೆ ಯಾವ ಕಾರಣಕ್ಕೂ ಮಲಗಬೇಡಿ.

ಮಲೆನಾಡಿನ ಮಳೆಯಲ್ಲಿ ದುಡಿದ ಸ್ಪ್ರಿಂಗನ್ನು ಬಿಚ್ಚಿದರೆ ಪ್ಲೇಟ್‌ಗಳ ನಡುವೆ ಕೆಂಪು ತುಕ್ಕು ಪದರಪದರವಾಗಿ ಉದುರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ಸೀಮೆಎಣ್ಣೆ ಅಥವಾ ಡೀಸೆಲ್ ಬಳಿದು ಒರೆಸಿ, ನಡುವಿನ ಬೋಲ್ಟಿನ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಪ್ಲೇಟ್ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಬಿರುಕು ಬಿಟ್ಟದ್ದನ್ನು ವೆಲ್ಡ್ ಮಾಡಿಸದೆ ಹೊಸದನ್ನು ತನ್ನಿ. ಸೋತ ಪ್ಲೇಟ್‌ಗಳಿಗೆ ಮತ್ತೆ ಬಾಗು ಕೊಡಿಸಲು ಸ್ಪ್ರಿಂಗ್ ಕೆಲಸವನ್ನೇ ಮಾಡುವ ಅಂಗಡಿಗೆ ಒಯ್ಯಿರಿ. ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಕೆಟ್ಟು ಕೆಲವೇ ದಿನಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ.

ಹೆಚ್ಚುವರಿ ಪ್ಲೇಟ್ ಹಾಕಿಸುವವರು ದಪ್ಪದ ಲೆಕ್ಕ ತಿಳಿದಿರಬೇಕು. ಉದ್ದ, ಅಗಲ ಒಂದೇ ಇದ್ದಾಗ ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, 6 ಮಿ.ಮೀ. ಪ್ಲೇಟಿಗಿಂತ 8 ಮಿ.ಮೀ. ಪ್ಲೇಟ್ ಎರಡೂಕಾಲು ಪಟ್ಟಿಗಿಂತ ಹೆಚ್ಚು ಬಿಗಿ. ದಪ್ಪ ಪ್ಲೇಟ್ ಸೇರಿಸಿ ಬಂದವರ ಖಾಲಿ ಜೀಪು ಒದ್ದೆ ತಿರುವಿನಲ್ಲಿ ಹಿಂಬದಿ ಕುಪ್ಪಳಿಸಿ ಜಾರುವುದು ಇದೇ ಕಾರಣಕ್ಕೆ. ಖಾಲಿಯಿದ್ದಾಗ ಸುಮ್ಮನಿದ್ದು, ಭಾರ ಬಿದ್ದು ಮೇಲಿನ ಪ್ಲೇಟ್‌ಗಳು ಬಾಗಿದ ಮೇಲಷ್ಟೇ ತಾಗಿ ಕೈಜೋಡಿಸುವ ಸಹಾಯಕ ಪ್ಲೇಟ್ ನಮ್ಮ ರಸ್ತೆಗಳಿಗೆ ಹೆಚ್ಚು ಸೂಕ್ತ. ಸ್ಪ್ರಿಂಗ್ ಬಿಗಿಯಾದಷ್ಟೂ ಅದರ ಪುಟಿತ ತಡೆಯಲು ಒಳ್ಳೆಯ ಶಾಕ್ ಅಬ್ಸಾರ್ಬರ್ ಬೇಕಾಗುತ್ತದೆ. ಎಣ್ಣೆ ಸೋರುತ್ತಿರುವುದನ್ನು ಹಾಗೆಯೇ ಬಿಟ್ಟು ಸ್ಪ್ರಿಂಗ್ ಮಾತ್ರ ರಿಪೇರಿ ಮಾಡಿಸುವುದು ಹಣ ಹಾಳು.

ಜೋಡಿಸುವಾಗ ಪ್ಲೇಟ್‌ಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ, ಸ್ಪ್ರಿಂಗನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ನಲ್ಲಿ ರಬ್ಬರ್ ಬುಷ್ ಇದ್ದರೆ ಜೀಪು ಗಾಲಿಗಳ ಮೇಲೆ ನಿಂತ ನಂತರವೇ ಅದರ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಭಾರ ಹೇರುವ ರೀತಿಯಲ್ಲೂ ಆ ಸಾಗಣೆದಾರರು ಜಾಣರಾಗಿದ್ದರು. ಸೀಟು ಕಿತ್ತು ಜಾಡಿಗಳ ಪೆಟ್ಟಿಗೆಗಳನ್ನು ನೆಲಮಟ್ಟಕ್ಕೇ ಜೋಡಿಸುತ್ತಿದ್ದುದರಿಂದ ತೂಕ ಕೆಳಗಿರುತ್ತಿತ್ತು. ನೀವೂ ಭಾರದ ಮೂಟೆಗಳನ್ನು ಹಿಂದಿನ ಅಚ್ಚಿನ ಮೇಲೆ ಮತ್ತು ಅದರ ಮುಂದಕ್ಕೆ ತಳದಲ್ಲಿಟ್ಟು, ಹಗುರವಾದದ್ದನ್ನು ಮೇಲೆ ಹಾಕಿ, ಹಗ್ಗ ಬಿಗಿಯಿರಿ. ಅಚ್ಚಿನ ಹಿಂದಕ್ಕೆ ಚಾಚಿದ ತೂಕ ಮುಂದಿನ ಗಾಲಿಯನ್ನು ಹಗುರ ಮಾಡಿ ಸ್ಟೇರಿಂಗಿನ ಹಿಡಿತ ಕೆಡಿಸುತ್ತದೆ.

ಎಂಜಿನ್ನಿನ ಮಾತು ಚಿಕ್ಕದು. ಎರಡನೇ ಮಹಾಯುದ್ಧದ ನಂತರ ಆ ಸಾಗಣೆದಾರರಲ್ಲಿ ಕೆಲವರು ಫೋರ್ಡ್‌ಗೆ ಕ್ಯಾಡಿಲಾಕ್ ಎಂಜಿನ್ ಇಳಿಸಿದರು. ಹೊಗೆಯ ದಾರಿ ಬ್ಲಾಕಿನ ಒಳಗಿನಿಂದಲೇ ಹಾದುಹೋಗುತ್ತಿದ್ದ ಫೋರ್ಡ್ ವಿ8 ಬೇಗ ಕಾಯುತ್ತಿತ್ತು. ನಮ್ಮ ಜೀಪಿಗೆ ದೊಡ್ಡ ಎಂಜಿನ್ ಬೇಕಿಲ್ಲ, ಕೆಸರು ತೊಳೆದ ರೇಡಿಯೇಟರ್ ಮತ್ತು ಸರಿಯಾಗಿ ಬಿಗಿದ ಫ್ಯಾನ್ ಬೆಲ್ಟ್ ಇದ್ದರೆ ಹುಲಿಕಲ್ ಘಾಟಿ ಹತ್ತುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟದ್ದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾರದ ಜೀಪನ್ನು ಬ್ರೇಕಿನಲ್ಲೇ ಹಿಡಿದು ಇಳಿಸಿದರೆ ಡ್ರಮ್ ಕಾದು ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ; ಹತ್ತುವಾಗ ಯಾವ ಗೇರಿತ್ತೋ ಅದೇ ಗೇರಿನಲ್ಲಿ ಇಳಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಕುದಿಯುವ ಬಿಂದುವನ್ನು ತಗ್ಗಿಸಿಕೊಳ್ಳುವುದರಿಂದ, ಮಳೆಗಾಲಕ್ಕೆ ಮುನ್ನ ಅದನ್ನು ಬದಲಿಸಿ ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿ. ಹಳ್ಳ ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿದರೆ ಒದ್ದೆಯಾದ ಲೈನಿಂಗ್ ಆರುತ್ತದೆ.

ಹಿಂಬದಿಯ ಎತ್ತರ ಬದಲಾದರೆ ಹೆಡ್‌ಲೈಟಿನ ಬೆಳಕೂ ಬೀಳುವ ಜಾಗ ಬದಲಿಸುತ್ತದೆ. ಎಂದಿನಷ್ಟು ಭಾರ ಹೇರಿ ಗೋಡೆಯ ಮುಂದೆ ನಿಲ್ಲಿಸಿ ಬೆಳಕನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ಮೇಲಕ್ಕೆ ಎದ್ದ ಬೆಳಕು ಘಾಟಿಯ ಮಂಜಿನಲ್ಲಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಬೆನ್ನಟ್ಟುವವರಿಗೆ ಕಾಣದಿರಲೆಂದು ಕಳ್ಳಭಟ್ಟಿಯ ಆ ಕಾರುಗಳಲ್ಲಿ ಹಿಂದಿನ ದೀಪ ಆರಿಸುವ ಸ್ವಿಚ್ ಇರುತ್ತಿತ್ತು. ನಿಮ್ಮ ಜೀಪಿನಲ್ಲಿ ಎರಡೂ ಹಿಂದಿನ ದೀಪಗಳು ಚೆನ್ನಾಗಿ ಉರಿಯಬೇಕು.

ಕೆಲಸ ಮುಗಿದ ಮೇಲೆ ಮೊದಲು ಖಾಲಿಯಾಗಿ, ನಂತರ ಅರ್ಧ ಭಾರದಲ್ಲಿ ಪರಿಚಯದ ದಾರಿಯಲ್ಲಿ ಓಡಿಸಿ ನೋಡಿ. ಹೊಸ ಯು-ಬೋಲ್ಟ್‌ಗಳು ಕೂತುಕೊಳ್ಳುತ್ತ ಸಡಿಲವಾಗುವುದರಿಂದ ಸುಮಾರು 100 ಕಿ.ಮೀ. ಓಡಿದ ಮೇಲೆ ಅವನ್ನು ಮತ್ತೊಮ್ಮೆ ಬಿಗಿಯಬೇಕು. ಆ ಬಿಗಿತ ಆಗುವವರೆಗೆ ಪೂರ್ತಿ ಭಾರ ಹೇರಬೇಡಿ.