ಹಳೆಯ ಟೇಪ್ ಡ್ರೈವ್‌ನ ದೋಷವನ್ನು ಪತ್ತೆ ಹಚ್ಚುವ ಬಗೆ

ಟೇಪ್ ಡ್ರೈವ್ ಎಂದರೆ ದತ್ತಾಂಶದ ಬ್ಯಾಕಪ್ಪನ್ನು ಕಾಂತೀಯ ಟೇಪಿನ ಮೇಲೆ ಬರೆಯುವ, ಓದುವ ಯಂತ್ರ. ಬ್ಯಾಕಪ್ ಅರ್ಧಕ್ಕೆ ನಿಂತಿತೆಂದರೆ ಡ್ರೈವನ್ನೇ ದೂರುವುದು ರೂಢಿ. ಆದರೆ ದೋಷವು ಟೇಪ್, ಕೇಬಲ್ ಅಥವಾ ಸರ್ವರ್‌ನಲ್ಲಿಯೂ ಇರಬಹುದಾದ್ದರಿಂದ ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸಿ ನೋಡಬೇಕು. ಬೇರೆ ಪ್ರತಿಯಿಲ್ಲದ ಟೇಪನ್ನು ಮಾತ್ರ ಈ ಪರೀಕ್ಷೆಗೆ ಬಳಸಲೇಬಾರದು. ಕೆಟ್ಟ ಡ್ರೈವ್ ಅದನ್ನು ಸುಕ್ಕುಗಟ್ಟಿಸಬಹುದು, ತುಂಡರಿಸಲೂಬಹುದು.

ಮೊದಲು ಡ್ರೈವ್ ತಾನೇ ಹೇಳುವುದನ್ನು ಕೇಳಿ. ಎಲ್‌ಟಿಒ (ಬ್ಯಾಕಪ್ ಟೇಪ್‌ಗಳ ಒಂದು ಮಾದರಿ) ಡ್ರೈವ್‌ಗಳು ಟೇಪ್‌ಅಲರ್ಟ್ ಎಂಬ ವ್ಯವಸ್ಥೆಯ ಮೂಲಕ 64 ಬಗೆಯ ಸೂಚನೆಗಳನ್ನು ಕೊಡಬಲ್ಲವು. ಲಿನಕ್ಸ್‌ನಲ್ಲಿ ಇವನ್ನು ಟೇಪ್‌ಇನ್ಫೊ ಆದೇಶದಿಂದ ಓದಬಹುದು. 4ನೆಯದು ಟೇಪಿನ ದೋಷವನ್ನೂ 20ನೆಯದು ಕೂಡಲೇ ಶುಚಿಗೊಳಿಸಬೇಕೆಂಬುದನ್ನೂ 30 ಮತ್ತು 31 ಯಂತ್ರದ ದೋಷವನ್ನೂ ಸೂಚಿಸುತ್ತವೆ. ಒಂದೇ ಟೇಪ್ ಎರಡು ಡ್ರೈವ್‌ಗಳಲ್ಲಿ ವಿಫಲವಾದರೆ ಟೇಪನ್ನೂ, ಹಲವು ಒಳ್ಳೆಯ ಟೇಪ್‌ಗಳು ಒಂದೇ ಡ್ರೈವ್‌ನಲ್ಲಿ ವಿಫಲವಾದರೆ ಡ್ರೈವನ್ನೂ ಶಂಕಿಸಬೇಕು.

ಕ್ಲೀನಿಂಗ್ ಕಾರ್ಟ್ರಿಜ್ಜನ್ನು ಡ್ರೈವ್ ಕೇಳಿದಾಗ ಮಾತ್ರ ಹಾಕಿ, ಏಕೆಂದರೆ ಅದು ಹೆಡ್ಡನ್ನು, ಎಂದರೆ ಟೇಪನ್ನು ಓದಿ ಬರೆಯುವ ಭಾಗವನ್ನು, ಉಜ್ಜಿ ಸವೆಸುತ್ತದೆ. ಶುಚಿಗೊಳಿಸಿದ ಮೇಲೂ ಡ್ರೈವ್‌ನ ಕ್ಲೀನಿಂಗ್ ದೀಪ ಮತ್ತೆ ಮತ್ತೆ ಹೊತ್ತಿಕೊಂಡರೆ, ಆ ಕಾರ್ಟ್ರಿಜ್‌ನ ಬಳಕೆಯ ಮಿತಿ ಮುಗಿದಿದೆಯೇ ಎಂದು ನೋಡಿ. ಇಲ್ಲವಾದರೆ, ಯಾವುದೋ ಒಂದು ಟೇಪ್ ಪುಡಿ ಉದುರಿಸುತ್ತಿರಬೇಕು ಅಥವಾ ಹೆಡ್ ಸವೆದಿರಬೇಕು.

ದೋಷದ ಸಂದೇಶವೇ ಇಲ್ಲದೆ ಬ್ಯಾಕಪ್ ಅತಿ ನಿಧಾನವಾದರೆ ಕಿವಿಗೊಟ್ಟು ಕೇಳಿ. ಟೇಪ್ ಸ್ವಲ್ಪ ಓಡಿ, ನಿಂತು, ಹಿಂದೆ ಸರಿದು, ಮತ್ತೆ ಓಡುವ ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಡ್ರೈವ್ ಕೆಟ್ಟಿರುವುದಿಲ್ಲ. ಅದರ ಕನಿಷ್ಠ ವೇಗಕ್ಕೆ ತಕ್ಕಷ್ಟು ದತ್ತಾಂಶವನ್ನು ಸರ್ವರ್ ಒದಗಿಸುತ್ತಿರುವುದಿಲ್ಲ. ಈ ಹಿಂದುಮುಂದಿನ ಓಟ ಹೆಡ್ ಮತ್ತು ಟೇಪ್ ಎರಡನ್ನೂ ಬೇಗ ಸವೆಸುವುದರಿಂದ, ಬ್ಯಾಕಪ್ಪನ್ನು ಮೊದಲು ಡಿಸ್ಕ್‌ಗೆ ಬರೆದು, ಅಲ್ಲಿಂದ ಟೇಪಿಗೆ ಸಾಗಿಸುವುದು ಲೇಸು.

ಡ್ರೈವ್ ಆಗಾಗ ಕಾಣೆಯಾಗುವುದು, ಬಸ್ ರೀಸೆಟ್ (ಡ್ರೈವ್ ಮತ್ತು ಸರ್ವರ್ ನಡುವಿನ ಸಂಪರ್ಕವನ್ನು ಮರುಹೊಂದಿಸಿದ) ಸಂದೇಶಗಳು ಬರುವುದು ಹೆಚ್ಚಾಗಿ ಕೇಬಲ್‌ನ ತೊಂದರೆ. ಪ್ಯಾರಲಲ್ ಸ್ಕಸಿ ಎಂಬ ಹಳೆಯ ಬಗೆಯ ಸಂಪರ್ಕವಾಗಿದ್ದರೆ, ಎರಡೂ ತುದಿಗಳಲ್ಲಿ ಸಂಕೇತ ಮರಳಿ ಪ್ರತಿಫಲಿಸದಂತೆ ತಡೆಯುವ ಟರ್ಮಿನೇಟರ್‌ಗಳನ್ನು ಪರೀಕ್ಷಿಸಿ.

ಹೆಡ್ ಸವೆದಿರುವುದು ಖಚಿತವಾದರೆ ಬರೆಯುವುದನ್ನು ನಿಲ್ಲಿಸಿ. ಬದಲಿ ಡ್ರೈವ್ ಕೊಳ್ಳುವಾಗ ಪೀಳಿಗೆಯನ್ನು ಗಮನಿಸಿ: ಎಲ್‌ಟಿಒ-7 ಡ್ರೈವ್ ಎಲ್‌ಟಿಒ-5ರ ಟೇಪನ್ನು ಓದುತ್ತದೆ, ಆದರೆ ಎಲ್‌ಟಿಒ-8 ಡ್ರೈವ್ ಎಲ್‌ಟಿಒ-6ರ ಟೇಪನ್ನೂ ಓದುವುದಿಲ್ಲ.