ಮುಗಿಯುವ ಹಂತದಲ್ಲಿರುವ ಮಾದರಿ ವಿಮಾನದ ಡೆಕಾಲ್ ತಪ್ಪುಗಳನ್ನು ತಿದ್ದುವ ಬಗೆ

ಮಾದರಿ ವಿಮಾನದ ಕೆಲಸದಲ್ಲಿ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಹಾಳೆಯಿಂದ ಜಾರಿಸಿ ಕೂರಿಸುವ ತೆಳು ಮುದ್ರಿತ ಗುರುತು, ಅಂಟಿಸುವ ಸರದಿ ಬರುವುದು ಬಹುತೇಕ ಕೊನೆಗೆ. ಅಷ್ಟರಲ್ಲಿ ಬಣ್ಣ ಒಣಗಿರುತ್ತದೆ, ಚಕ್ರಗಳು ಕೂತಿರುತ್ತವೆ, ಕೆಲವರು ಆತುರಕ್ಕೆ ಆಂಟೆನಾ ಕಂಬವನ್ನೂ ನೆಟ್ಟಿರುತ್ತಾರೆ. ಈ ಹಂತದಲ್ಲಿ ಒಂದು ಡೆಕಾಲ್ ಸೊಟ್ಟಗಾದರೆ ಕೈ ತಾನಾಗಿಯೇ ಅದರತ್ತ ಹೋಗುತ್ತದೆ. ಡೆಕಾಲುಗಳು ಹೆಚ್ಚಾಗಿ ಹಾಳಾಗುವುದು ಆಗಲೇ, ತಿದ್ದಲು ಕೈ ಹಾಕಿದ ಮೊದಲ ಐದು ನಿಮಿಷಗಳಲ್ಲಿ. ಆದ್ದರಿಂದ ಏನನ್ನೂ ಮುಟ್ಟುವ ಮೊದಲು ಡೆಕಾಲ್ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಗಮನಿಸಬೇಕು: ಇನ್ನೂ ನೀರಿನ ಮೇಲೆ ತೇಲುತ್ತಿದೆಯೇ, ದ್ರಾವಣ ತಾಗಿ ಮೆತ್ತಗಾಗಿದೆಯೇ, ಒಣಗಿ ಕೂತುಬಿಟ್ಟಿದೆಯೇ, ಅಥವಾ ಅದರ ಮೇಲೆ ವಾರ್ನಿಷ್ ಕೂಡ ಬಿದ್ದಿದೆಯೇ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ತೇಲುತ್ತಿರುವ ಡೆಕಾಲಿನದು ಎಲ್ಲಕ್ಕಿಂತ ಸುಲಭದ ಸಂಗತಿ. ಅಂಚಿಗೆ ಇನ್ನೊಂದು ಹನಿ ನೀರು ಬಿಟ್ಟು, ಅದು ಅಡಿಗೆ ಹರಿಯುವವರೆಗೆ ಕಾದು, ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ದೂಡಿದರೆ ಜಾಗಕ್ಕೆ ಬರುತ್ತದೆ. ಬೆರಳಿನಿಂದ ದೂಡಬಾರದು, ಏಕೆಂದರೆ ಡೆಕಾಲ್ ಪ್ಲಾಸ್ಟಿಕ್ಕಿಗಿಂತ ಬೇಗ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮೂಲೆ ಅಡಿಗೆ ಮಡಚಿಕೊಂಡಿದ್ದರೆ ಚಿಮಟವನ್ನು ಪಕ್ಕಕ್ಕಿಟ್ಟು, ಆ ಜಾಗವನ್ನು ನೀರಿನಲ್ಲಿ ಮುಳುಗಿಸಿ, ಎರಡು ಬ್ರಷ್ ಹಿಡಿದು ಒಂದರಿಂದ ಡೆಕಾಲನ್ನು ಒತ್ತಿಟ್ಟುಕೊಂಡು ಇನ್ನೊಂದರಿಂದ ಮಡಿಕೆಯನ್ನು ಬಿಡಿಸಬೇಕು. ಹೀಗೆ ಹೆಚ್ಚು ಹೊತ್ತು ನೀರಾಡಿದ ಡೆಕಾಲಿನ ಬೆನ್ನಿಗಿದ್ದ ಅಂಟು ತೊಳೆದುಹೋಗಿರುತ್ತದೆ. ಕೂರಿಸುವ ಮೊದಲು ಅದರಡಿಗೆ ಮೈಕ್ರೋ ಸೆಟ್ ಎಂಬ ಡೆಕಾಲ್ ಕೂರಿಸುವ ದ್ರಾವಣ ಅಥವಾ ತೀರಾ ತೆಳುವಾಗಿ ಕದಡಿದ ಬಿಳಿ ಗೋಂದಿನ ನೀರನ್ನು ಬಿಟ್ಟರೆ ಆ ಕೊರತೆ ನೀಗುತ್ತದೆ.

ಮೈಕ್ರೋ ಸಾಲ್, ಮಿಸ್ಟರ್ ಮಾರ್ಕ್ ಸಾಫ್ಟರ್‌ನಂತಹ ಮೆತ್ತಗಾಗಿಸುವ ದ್ರಾವಣ ತಾಗಿದ ಮೇಲೆ ಕಥೆಯೇ ಬೇರೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಡೆಕಾಲ್ ಹಾಲಿನ ಕೆನೆಯಂತೆ ಸುಕ್ಕುಗಟ್ಟುವುದುಂಟು. ಮೊದಲ ಸಲ ನೋಡಿದವರಿಗೆ ಇದು ಅನಾಹುತದಂತೆ ಕಂಡರೂ ವಾಸ್ತವದಲ್ಲಿ ದ್ರಾವಣ ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ: ಪದರ ಹಿಗ್ಗಿ, ಮೆತ್ತಗಾಗಿ, ಒಣಗುತ್ತಾ ಬಂದಂತೆ ಬಿಗಿದುಕೊಂಡು ಪ್ಯಾನೆಲ್ ಗೆರೆಗಳೊಳಗೆ (ವಿಮಾನದ ಮೈಯ ತಗಡುಗಳ ಜೋಡಣೆ ತೋರಿಸುವ ಸಣ್ಣ ತೋಡುಗಳೊಳಗೆ) ಇಳಿಯುತ್ತದೆ. ಈ ಹೊತ್ತಿನಲ್ಲಿ ಮಾಡಬೇಕಾದ ತಿದ್ದುಪಡಿಯೆಂದರೆ ಕೋಣೆಯಿಂದ ಎದ್ದು ಹೋಗುವುದು. ನಾನು 1/72 ಅಳತೆಯ ಸ್ಪಿಟ್‌ಫೈರ್ ಒಂದರ ಮಗ್ಗುಲಿನ ವೃತ್ತಲಾಂಛನದ ಸುಕ್ಕನ್ನು ಹತ್ತಿಕಡ್ಡಿಯಿಂದ ಸವರಲು ಹೋಗಿದ್ದೆ. ಹೊರಗಿನ ಹಳದಿ ಬಳೆಯ ಕಾಲುಭಾಗ ಹತ್ತಿಗೇ ಅಂಟಿಕೊಂಡು ಬಂದಿತು, ಉಳಿದ ಮುಕ್ಕಾಲು ಭಾಗ ಮರುದಿನ ಬೆಳಿಗ್ಗೆ ಬಣ್ಣ ಬಳಿದಷ್ಟು ನುಣುಪಾಗಿ ಕೂತಿತ್ತು. ಪೂರ್ತಿ ಒಣಗಿದ ಮೇಲೂ ಸುಕ್ಕು ಉಳಿದಿದ್ದರೆ ಆಗ ಅದರ ತುದಿಯನ್ನು ಹೊಸ ಬ್ಲೇಡಿನಿಂದ ಸೀಳಿ, ಆ ಜಾಗಕ್ಕೆ ಮಾತ್ರ ಇನ್ನೊಮ್ಮೆ ದ್ರಾವಣ ಕೊಟ್ಟರಾಯಿತು.

ಒಣಗಿದ ಡೆಕಾಲಿನಲ್ಲಿ ಪದೇ ಪದೇ ಕಾಣುವ ದೋಷ ಸಿಲ್ವರಿಂಗ್, ಅಂದರೆ ಅಕ್ಷರಗಳ ಸುತ್ತಲಿನ ಪಾರದರ್ಶಕ ಪದರ ಬೆಳ್ಳಗೆ ಹೊಳೆಯುವುದು. ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗಾಗಿರುತ್ತದೆ. ಆ ತಗ್ಗುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಬೆಳಕನ್ನು ಚದುರಿಸಿ ಹಾಗೆ ಕಾಣಿಸುತ್ತದೆ. ಗಾಳಿಗೆ ದಾರಿ ಮಾಡಿಕೊಟ್ಟರೆ ಅರ್ಧ ಕೆಲಸ ಮುಗಿಯಿತು. ತೆಳುವಾದ ಸೂಜಿಯ ಮೊನೆಯಿಂದ ಬಿಳಿಚಿದ ಭಾಗದಲ್ಲಷ್ಟೇ ಒತ್ತೊತ್ತಾಗಿ ಚುಚ್ಚಿ, ಪ್ಯಾನೆಲ್ ಗೆರೆಯಿರುವಲ್ಲಿ ಗೆರೆಯುದ್ದಕ್ಕೂ ಬ್ಲೇಡ್ ಎಳೆದು, ಮೇಲೆ ಮೈಕ್ರೋ ಸಾಲ್ ಸವರಬೇಕು. ದ್ರಾವಣ ರಂಧ್ರಗಳಿಂದ ಒಳಗಿಳಿಯುವಾಗ ಬಿಳುಪು ಕಪ್ಪಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಅಷ್ಟಕ್ಕೇ ಗೆದ್ದೆವೆಂದುಕೊಳ್ಳಬಾರದು, ಒಣಗಿದ ಮೇಲೆ ಅರ್ಧ ಬಿಳುಪು ಮರಳಿರುತ್ತದೆ. ಪ್ರತಿ ಸುತ್ತಿನ ನಡುವೆ ಪೂರ್ತಿ ಒಣಗಲು ಬಿಟ್ಟು ಮೂರು ನಾಲ್ಕು ಸಲ ಹೀಗೆ ಮಾಡಬೇಕಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಹಿನ್ನೆಲೆಯ ಬಣ್ಣವನ್ನೇ ನೀರಾಗಿ ಕಲಸಿ, ಸಣ್ಣ ಬ್ರಷ್ಷಿನಿಂದ ಅಕ್ಷರದ ಸುತ್ತಲಿನ ಪದರದ ಮೇಲೆ ಹಚ್ಚಿ ಮುಚ್ಚಬಹುದು.

ಇನ್ನು ಡೆಕಾಲ್ ಚೆನ್ನಾಗಿ ಕೂತಿದೆ, ಆದರೆ ಕೂತ ಜಾಗವೇ ತಪ್ಪು ಎಂಬ ಸಂಕಟ. ಅಮೆರಿಕದ ವಿಮಾನಗಳ ನಕ್ಷತ್ರ ಲಾಂಛನ 1941ರ ನಂತರ ಹೆಚ್ಚಾಗಿ ಎಡ ರೆಕ್ಕೆಯ ಮೇಲ್ಭಾಗದಲ್ಲಿ ಮತ್ತು ಬಲ ರೆಕ್ಕೆಯ ಕೆಳಭಾಗದಲ್ಲಿ ಮಾತ್ರ ಇರುತ್ತಿತ್ತು. ಮಾದರಿಯನ್ನು ಮಗುಚಿ ಹಿಡಿದಾಗ ಎಡಬಲ ಅದಲುಬದಲಾಗಿ ಕೆಳಗಿನ ನಕ್ಷತ್ರ ಎಡಕ್ಕೆ ಹೋಗುವುದು ತೀರಾ ಸುಲಭ. ಬ್ರಿಟಿಷ್ ವಿಮಾನಗಳ ಬಾಲದ ಪಟ್ಟಿಯಲ್ಲಿ ಎರಡೂ ಮಗ್ಗುಲಲ್ಲಿ ಕೆಂಪು ಮುಂದಕ್ಕಿರಬೇಕು, ಹಾಗಾಗಿ ಎಡದ ಪಟ್ಟಿ ಬಲಕ್ಕೆ ಬಂದರೆ ಕೆಂಪು ಹಿಂದಕ್ಕೆ ಹೋಗುತ್ತದೆ. ದ್ರಾವಣ ತಾಗದ ಡೆಕಾಲಾದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಟಿಶ್ಯೂ ಕಾಗದವನ್ನು ಅದರ ಮೇಲೆ ಹೊದಿಸಿ, ಆರದಂತೆ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಅಂಟು ಸಡಿಲವಾಗಿ ಎಷ್ಟೋ ಸಲ ಇಡಿಯಾಗಿ ಜಾರಿಬರುತ್ತದೆ. ದ್ರಾವಣ ತಾಗಿದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ. ಕೀಳುವ ಮೊದಲು ಹಾಳೆಯಲ್ಲಿ ಬದಲಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ಅಂಥದ್ದರ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ, ಮೇಲಕ್ಕೆ ಎತ್ತದೆ ಮೇಲ್ಮೈಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚಿ ಎಳೆದರೆ ಚೂರುಚೂರಾಗಿ ಬರುತ್ತದೆ. ಪ್ರೈಮರ್ ಇಲ್ಲದೆ ಬಳಿದ ಬಣ್ಣವೂ ಅದರೊಂದಿಗೇ ಎದ್ದು ಬರಬಹುದಾದ್ದರಿಂದ ಟೇಪನ್ನು ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಅದರ ಬಿಗಿ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ಉಳಿದ ಚೂರುಗಳು ಮೈಕ್ರೋ ಸಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಗೆ ಬಿಡುತ್ತವೆ. ಲ್ಯಾಕರ್ ಥಿನ್ನರ್, ಅಸಿಟೋನ್‌ಗಳ ಹತ್ತಿರವೂ ಹೋಗಬಾರದು. ಅವು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ವಾರ್ನಿಷ್ ಬಿದ್ದ ಮೇಲೆ ತಪ್ಪು ಕಂಡರೆ ನೆನೆಸುವ ಉಪಾಯ ನಡೆಯದು. 2000 ಗ್ರಿಟ್‌ನ, ಅಂದರೆ ತೀರಾ ನಯವಾದ, ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಡೆಕಾಲನ್ನು ನಿಧಾನವಾಗಿ ಉಜ್ಜಿ ತೆಗೆದು, ಆ ಪ್ಯಾನೆಲ್ಲಿಗಷ್ಟೇ ಮತ್ತೆ ಬಣ್ಣ ಹಾಕಬೇಕು. ಪ್ಯಾನೆಲ್ ಗೆರೆಯವರೆಗೆ ಮರೆಮಾಡಿ ಬಳಿದರೆ ಹೊಸ ಬಣ್ಣದ ಅಂಚು ಗೆರೆಯಲ್ಲೇ ಮುಚ್ಚಿಹೋಗುತ್ತದೆ.

ಹರಿದುಹೋದ ಚೂರಿನ ಜಾಗಕ್ಕೆ ಹಾಳೆಯಲ್ಲಿ ಬಳಸದೆ ಉಳಿದ ಅದೇ ಬಣ್ಣದ ಗುರುತಿನಿಂದ ತೇಪೆ ಕತ್ತರಿಸಿ ಹಾಕುವುದು ಬಣ್ಣ ಬಳಿಯುವುದಕ್ಕಿಂತ ಮೇಲು, ಏಕೆಂದರೆ ಮುದ್ರಿತ ಕೆಂಪಿಗೆ ಸರಿಯಾದ ಕೆಂಪನ್ನು ಕಲಸುವುದು ಕಷ್ಟ. ಬಳಿಯಲೇಬೇಕಾದರೆ ಕಲಸಿದ ಬಣ್ಣವನ್ನು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ, ಡೆಕಾಲಿನ ಪಕ್ಕದಲ್ಲಿ ಹಿಡಿದು ನೋಡಬೇಕು. ಅಕ್ರಿಲಿಕ್ ಬಣ್ಣಗಳು ಒಣಗಿದಾಗ ಸಾಮಾನ್ಯವಾಗಿ ಒಂದು ಛಾಯೆ ಗಾಢವಾಗುತ್ತವೆ.

ಇಷ್ಟೆಲ್ಲ ಮಾಡುವಾಗ ವಿಮಾನವನ್ನು ಕೈಯಲ್ಲಿ ಹಿಡಿಯದೆ, ಚಕ್ರದ ಕಾಲು ಮತ್ತು ಆಂಟೆನಾಗಳಿಗೆ ಕೊರೆದ ಸ್ಪಂಜಿನ ತೊಟ್ಟಿಲಲ್ಲಿ ಮಲಗಿಸುವುದು ಕ್ಷೇಮ. ತಿದ್ದಿದ ಡೆಕಾಲನ್ನು ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು, ಸುತ್ತ ಉಳಿದ ಅಂಟಿನ ಕಲೆಯನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಬೇಕು. ಆಮೇಲೆ ದೀಪವಾರಿಸಿ, ಟಾರ್ಚಿನ ಬೆಳಕನ್ನು ರೆಕ್ಕೆಯ ಮಟ್ಟದಲ್ಲಿ ಅಡ್ಡಲಾಗಿ ಬಿಟ್ಟು ನೋಡಿದರೆ, ನೇರ ಬೆಳಕಿನಲ್ಲಿ ಅಡಗಿದ್ದ ಗುಳ್ಳೆಗಳೂ ಎದ್ದ ಅಂಚುಗಳೂ ನೆರಳು ಚೆಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತವೆ. ಅವನ್ನೂ ಮೇಲೆ ಹೇಳಿದಂತೆಯೇ ಚುಚ್ಚಿ ಕೂರಿಸಿದ ಬಳಿಕ ತೆಳುವಾಗಿ ಹೊಳಪಿನ ವಾರ್ನಿಷ್ ಹಾಕಿ, ಅದು ಗಟ್ಟಿಯಾದ ಮೇಲೆ ಮ್ಯಾಟ್ ವಾರ್ನಿಷ್ ಕಡೆಗೆ ಹೋಗಬಹುದು.